ಇಲ್ಲದ ಸೀಟಿನ ಕೆಳಗೆ

ಕಂತು ಹನ್ನೊಂದು

"ಹತ್ತು ನಿಮಿಷ," ಎನ್ನುತ್ತಾ ಕಾವಲಿನ ಡ್ವೈಟ್ ಗೇಟಿನ ಸರಪಳಿ ಬಿಚ್ಚಿದ. "ಸ್ವಂತ ಸಾಮಾನು ಮಾತ್ರ ತಗೋಬೇಕು. ಗಾಡಿಗೆ ಸೇರಿದ್ದು ಒಂದು ನಟ್ಟೂ ಮುಟ್ಟೋ ಹಾಗಿಲ್ಲ."

"ಅದು ನನ್ನ ಗಾಡಿ ಕಣೋ," ಎಂದರು ಹ್ಯಾಟಿ.

"ನನಗೆ ಗೊತ್ತು ಮಿಸ್ ಹ್ಯಾಟಿ. ಕಾಗದಕ್ಕೆ ಗೊತ್ತಿಲ್ಲವಲ್ಲ."

ದನದ ಮೇವಿನ ಅಂಗಡಿಯ ಹಿಂದೆ ಮುಳ್ಳುತಂತಿ ಸುತ್ತಿದ ಬಯಲು. ಟಾಲ್‌ವುಡ್ ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರೀಫನ ಕಡೆಯವರು ಜಪ್ತಿ ಮಾಡಿದ್ದೆಲ್ಲ ಅಲ್ಲಿ ಬಿಸಿಲಿಗೆ ಒಣಗುತ್ತಿತ್ತು. ಆರೇಳು ಪಿಕಪ್ ಟ್ರಕ್ಕುಗಳು, ಮೀನು ಹಿಡಿಯುವ ಒಂದು ದೋಣಿ, ಹುಲ್ಲು ಕತ್ತರಿಸುವ ಯಂತ್ರಗಳು, ಯಾರದೋ ಮಗುವಿನ ಸೀಟು ಇನ್ನೂ ಹಾಗೇ ಕಟ್ಟಿದ್ದ ಕೆಂಪು ಕಾರು. ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ ಹರಾಜಿನ ಸಂಖ್ಯೆ.

ಹ್ಯಾಟಿಯವರ ವ್ಯಾನು ಹದಿನಾಲ್ಕು.

ಇಪ್ಪತ್ತೆಂಟು ದಿನಗಳ ಹಿಂದೆ ಹೆದ್ದಾರಿಯಲ್ಲಿ ಅದನ್ನು ತಡೆದು, ಒಳಗೆ ಮಾದಕದ ಪೊಟ್ಟಣ ಸಿಕ್ಕಿತೆಂದು ಎಳೆದುಕೊಂಡು ಹೋಗಿದ್ದರು. ಹ್ಯಾಟಿ ಲೂ ಬ್ಯಾಸ್ಕಮ್ ಎಂಬ ಅರವತ್ತಾರು ವರ್ಷದ ನಿವೃತ್ತ ಶಾಲಾ ಬಸ್ ಚಾಲಕಿಯ ಮೇಲೆ ಕೇಸೇ ಇಲ್ಲ. ಕೇಸಿರುವುದು ವ್ಯಾನಿನ ಮೇಲೆ. ದಾಖಲೆಯ ತಲೆಬರಹವೇ ಹಾಗಿತ್ತು: ರಾಜ್ಯ ಸರ್ಕಾರ, ವಿರುದ್ಧ, ಒಂದು ಬಿಳಿ ವ್ಯಾನು.

ಮೂವತ್ತು ದಿನದೊಳಗೆ ಒಡೆಯರು ತಕರಾರು ಅರ್ಜಿ ಹಾಕದಿದ್ದರೆ ಗಾಡಿ ಸರ್ಕಾರದ್ದು. ನೋಟೀಸು ಹೋಗಿದ್ದು ಹ್ಯಾಟಿ ಬಿಟ್ಟು ಬಂದು ಹತ್ತು ವರ್ಷವಾದ ಹಳೇ ವಿಳಾಸಕ್ಕೆ. ನಾನು ಅದನ್ನು ಪತ್ತೆ ಮಾಡಿದ್ದು ಭಾನುವಾರ. ಇಂದು ಬುಧವಾರ. ಗಡುವು ಶುಕ್ರವಾರ ಸಂಜೆ ಐದು.

"ಅರ್ಜಿಗೆ ಇನ್ನೂ ಎರಡು ದಿನ ಇದೆ. ಆಗಲೇ ಹರಾಜಿನ ನಂಬರ್ ಬರೆದಿದ್ದೀರಲ್ಲಪ್ಪ," ಎಂದೆ.

ಡ್ವೈಟ್ ಕತ್ತು ಕೆರೆದುಕೊಂಡ. "ಬರೆಯೋದು ನನ್ನ ಕೆಲಸ ಡೆಲ್ಫೀನ್. ಕೇಳೋದು ಅಲ್ಲ."

ನಾನು ಅವನನ್ನು ಅನುಮಾನದ ಪಟ್ಟಿಯಲ್ಲಿ ಮೊದಲನೆಯವನಾಗಿ ಇಟ್ಟಿದ್ದೆ. ಜಪ್ತಿಯ ಗಾಡಿ ಮಾರಾಟವಾದಷ್ಟೂ ಇವನ ಕೆಲಸ ಗಟ್ಟಿ. ಶೆರೀಫನ ಕಿವಿಗೆ ಯಾರೋ ಹ್ಯಾಟಿಯ ಹೆಸರು ಊದಿದ್ದರು, ಊದಿದವರು ಇವನೇ ಏಕಾಗಿರಬಾರದು?

"ನೀನು ಇಲ್ಲಿಗೆ ಸೇರಿದ್ದು ಹೇಗೆ?" ಎಂದು ಕೇಳಿದೆ.

ಅವನು ಬೇಲಿಯ ಪಕ್ಕ ತುಕ್ಕು ಹಿಡಿದು ನಿಂತ ಒಂದು ನೀಲಿ ಪಿಕಪ್ ತೋರಿಸಿದ. "ಅದು ನಂದು. ಹೋದ ವರ್ಷ ಹಿಡಿದ್ರು. ಅದಿಲ್ಲದೆ ಕಟ್ಟಡದ ಕೆಲಸಕ್ಕೆ ಹೋಗೋಕಾಗ್ಲಿಲ್ಲ. ಆಮೇಲೆ ಅವರೇ ಕರೆದು ಇಲ್ಲಿ ಕಾವಲಿಗೆ ಹಾಕಿದ್ರು. ಹರಾಜಲ್ಲಿ ಯಾರೂ ತಗೊಳ್ಳಲಿಲ್ಲ ಅದನ್ನ. ದಿನಾ ಒರೆಸ್ತೀನಿ." ನಕ್ಕ. ನಗು ಅರ್ಧಕ್ಕೇ ನಿಂತಿತು. "ಒಂಬತ್ತು ನಿಮಿಷ ಆಯ್ತು ನೋಡಿ, ನನ್ನ ಪುರಾಣದಲ್ಲೇ."

ಪಟ್ಟಿಯಿಂದ ಅವನನ್ನು ತೆಗೆದುಹಾಕಿದೆ. ಅವನೂ ನನ್ನ ಮುಖ ನೋಡದೆ ಗೇಟಿನ ಕಡೆ ತಿರುಗಿ ನಿಂತ. ಹತ್ತು ನಿಮಿಷ ಇಪ್ಪತ್ತಾದರೂ ತಿರುಗಲಿಲ್ಲ.

ಹ್ಯಾಟಿ ಹಿಂಬಾಗಿಲು ತೆಗೆದರು. ಒಳಗೆ ಪೆಪ್ಪರ್‌ಮಿಂಟಿನ ವಾಸನೆ, ಒದ್ದೆ ಕಂಬಳಿಯ ವಾಸನೆ. ವಾರಕ್ಕೆ ಮೂರು ದಿನ, ಏಳು ವರ್ಷ, ಹ್ಯಾಟಿ ಈ ವ್ಯಾನಿನಲ್ಲಿ ತಮ್ಮ ಚರ್ಚಿನ ಮೂವರನ್ನು ಮೂವತ್ತೆಂಟು ಮೈಲಿ ಆಚೆಯ ಡಯಾಲಿಸಿಸ್ ಕೇಂದ್ರಕ್ಕೆ ಕರೆದೊಯ್ದು ತರುತ್ತಿದ್ದರು. ಸಕ್ಕರೆ ಕಾಯಿಲೆಯಿಂದ ಕಣ್ಣು ಕಳೆದುಕೊಂಡ ಅರ್ನೆಸ್ಟೀನ್. ಪಾರ್ಶ್ವವಾಯು ಬಡಿದು ಮಾತು ಹೋದ ಲಾಂಜೊ. ಕಾಗದದ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದು, ಒಂದು ಪಾದ ಕತ್ತರಿಸಿಕೊಂಡು ಗಾಲಿಕುರ್ಚಿ ಹಿಡಿದ ಆಮಸ್ ವಿಟ್ಲೋ. ಮೂವರ ಮೂತ್ರಪಿಂಡವೂ ಕೆಲಸ ನಿಲ್ಲಿಸಿತ್ತು. ಆ ಯಂತ್ರಕ್ಕೆ ಎರಡು ದಿನಕ್ಕೊಮ್ಮೆ ಮೈಯೊಡ್ಡದಿದ್ದರೆ ರಕ್ತ ವಿಷವಾಗುತ್ತದೆ, ನೀರು ಎದೆಗೇರುತ್ತದೆ.

ವ್ಯಾನು ಹೋದ ಮೇಲೆ ಅರ್ನೆಸ್ಟೀನ್ ಅಟ್ಲಾಂಟಾದ ತಂಗಿಯ ಮನೆಗೆ ಹೋದರು. ಲಾಂಜೊನನ್ನು ಅಳಿಯ ಕೆಲಸಕ್ಕೆ ರಜೆ ಹಾಕಿ ಹಾಕಿ ಕರೆದೊಯ್ಯುತ್ತಿದ್ದ. ಆಮಸ್‌ಗೆ ಯಾರೂ ಇರಲಿಲ್ಲ. ಹನ್ನೆರಡು ಸಲ ಹೋಗಬೇಕಾದವರು ಐದು ಸಲ ಹೋದರು. ಹೋದ ಶುಕ್ರವಾರ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದವರನ್ನು ಆಂಬುಲೆನ್ಸ್ ಎತ್ತಿಕೊಂಡು ಹೋಯಿತು.

"ಇದು ಆಮಸ್‌ದು," ಎಂದು ಹ್ಯಾಟಿ ಒಂದು ಕಂದು ದಿಂಬನ್ನು ಎದೆಗವಚಿಕೊಂಡರು. "ಬೆನ್ನಿಗೆ ಇದಿಲ್ಲದೆ ಕೂರೋಕಾಗಲ್ಲ ಅವನಿಗೆ. ಆಸ್ಪತ್ರೇಲಿ ಏನು ಕೊಟ್ಟಿದಾರೋ."

ನಾನು ಒಳಗೆ ತೆವಳಿದೆ. ಪತ್ತೇದಾರಿಕೆಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ವಿಮಾ ಕಂಪನಿಗಾಗಿ ಜಜ್ಜಿಹೋದ ಗಾಡಿಗಳ ಹೊಟ್ಟೆಯೊಳಗೆ ತಲೆಹಾಕಿದವಳು ನಾನು. ಮನುಷ್ಯರು ಸುಳ್ಳು ಹೇಳಿದಷ್ಟು ಸಲೀಸಾಗಿ ಗಾಡಿಗಳು ಹೇಳುವುದಿಲ್ಲ.

ಕೈಯಲ್ಲಿದ್ದ ಪೊಲೀಸ್ ವರದಿಯ ಪ್ರತಿಯನ್ನು ಮತ್ತೊಮ್ಮೆ ಓದಿದೆ. *ಎರಡನೆಯ ಸಾಲಿನ ಬಲಬದಿಯ ಸೀಟಿನ ಕೆಳಗೆ ಕಪ್ಪು ಟೇಪು ಸುತ್ತಿದ ಪೊಟ್ಟಣ ದೊರೆಯಿತು.* ಕೆಳಗೆ ಶೆರೀಫನ ಕೈಕೆಳಗಿನ ಡೆಪ್ಯೂಟಿ ರಾಯ್ಸ್ ಟಿಲ್ಲರಿಯ ಸಹಿ.

ಎರಡನೆಯ ಸಾಲು. ಬಲಬದಿ. ಕೈಯಿಂದ ತಡವಿದೆ.

ಸೀಟು ಇರಲಿಲ್ಲ.

ಸೀಟಿನ ಜಾಗದಲ್ಲಿ ಉಕ್ಕಿನ ಹಲಗೆ. ಗಾಲಿಕುರ್ಚಿಯ ಚಕ್ರ ಕಚ್ಚಿ ಹಿಡಿಯುವ ನಾಲ್ಕು ಕೊಕ್ಕೆಗಳು. ಸೀಟಿನ ಬೋಲ್ಟು ಕೂರುತ್ತಿದ್ದ ತೂತುಗಳನ್ನು ಬೆಸುಗೆ ಹಾಕಿ ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು. ಆ ಬಣ್ಣವೂ ಸವೆದು ಹೋಗಿತ್ತು.

"ಮಿಸ್ ಹ್ಯಾಟಿ, ಇಲ್ಲಿದ್ದ ಸೀಟು ಯಾವಾಗ ತೆಗೆಸಿದ್ರಿ?"

"ಗಾಲಿಕುರ್ಚಿ ಎತ್ತೋ ಲಿಫ್ಟ್ ಹಾಕಿಸಿದಾಗಲೇ. ತಗೊಂಡ ವರ್ಷವೇ. ಯಾಕೆ?"

ನಾನು ಫೋಟೊ ತೆಗೆಯತೊಡಗಿದೆ. ಏಳು ವರ್ಷದಿಂದ ಇಲ್ಲದ ಸೀಟಿನ ಕೆಳಗೆ ಒಬ್ಬ ಪೊಲೀಸಿನವನು ಪೊಟ್ಟಣ ಕಂಡಿದ್ದ.

ಕಾರಿನಲ್ಲಿ ಕೂತು ಹ್ಯಾಟಿಗೆ ವಿಷಯ ಹೇಳಿದೆ. ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ದಿಂಬಿನ ಮೇಲಿನ ನೂಲು ಕೀಳುತ್ತಾ ಕೂತರು.

"ಅರ್ಜಿಗೆ ಈಗಲೇ ಸಹಿ ಹಾಕಿಬಿಡಿ," ಎಂದು ಕಾಗದ ಮುಂದೆ ಹಿಡಿದೆ.

"ಕನ್ನಡಕ ತಂದಿಲ್ಲ ಮಗಾ. ನಾಳೆ ಹಾಕ್ತೀನಿ."

ಭಾನುವಾರವೂ ನಾಳೆ ಎಂದಿದ್ದರು. ಸೋಮವಾರವೂ. ಅವರ ಕನ್ನಡಕ ಕುತ್ತಿಗೆಯ ದಾರದಲ್ಲಿ ತೂಗಾಡುತ್ತಿತ್ತು. ನಾನು ನೋಡಿದ್ದು ನೋಡಿ ಅದನ್ನು ಮೆಲ್ಲಗೆ ಅಂಗಿಯೊಳಗೆ ಇಳಿಸಿಕೊಂಡರು.

ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಗೂಡಂಗಡಿಯ ಮುಂದೆ ನಿಲ್ಲಿಸಿದೆ. ಚರ್ಚಿನ ಹಾಡುಗಾರ್ತಿಯರಿಬ್ಬರು ನಿಂತಿದ್ದರು. ಹ್ಯಾಟಿಯನ್ನು ಕಂಡು ಒಬ್ಬಾಕೆ ಕೈ ಎತ್ತಿದಳು, ಇನ್ನೊಬ್ಬಾಕೆ ಆ ಕೈಯನ್ನು ಕೆಳಗೆಳೆದಳು.

"ಬೇಜಾರು ಮಾಡ್ಕೋಬೇಡಿ," ಎಂದೆ.

"ನನಗ್ಯಾಕೆ ಬೇಜಾರು? ಪೊಲೀಸರು ಸುಮ್‌ಸುಮ್ನೆ ಹಿಡೀತಾರಾ ಅಂತಾರೆ. ಬೇರೆಯವರದು ಹಿಡಿದಾಗ ನಾನೂ ಹಾಗೇ ಅಂದಿದ್ದೆ." ಹ್ಯಾಟಿ ಕಿಟಕಿಯ ಗಾಜು ಏರಿಸಿದರು. "ಡ್ವೈಟ್‌ನ ಪಿಕಪ್ ಹಿಡಿದಾಗ ಅಂದಿದ್ದೆ."

ಹ್ಯಾಟಿಯನ್ನು ಮನೆಗೆ ಬಿಟ್ಟು, ಉಚಿತವಾಗಿ ಕೇಸು ಹಿಡಿಯಲು ಒಪ್ಪಿದ್ದ ವಕೀಲೆಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿ, "ಸೀಟಿನ ವಿಷಯ ಭರ್ಜರಿಯಾಗಿದೆ," ಎಂದಳು. "ಆದರೆ ಟೈಪ್ ಮಾಡುವಾಗ ತಪ್ಪಾಯ್ತು ಅಂತ ಎರಡು ಮಾತಲ್ಲಿ ಮುಗಿಸಿಬಿಡ್ತಾರೆ. ವರದೀಲಿ ಇನ್ನೊಂದು ಸಾಲಿದೆಯಲ್ಲ, ನಂಬಿಕಸ್ಥ ಮಾಹಿತಿದಾರ ತಿಳಿಸಿದ ಮೇರೆಗೆ ಗಾಡಿ ತಡೆದೆವು ಅಂತ. ಅವರು ನಿಂತಿರೋದೇ ಅದರ ಮೇಲೆ. ಆ ಮಾಹಿತಿದಾರನನ್ನು ಹುಡುಕು. ಇಲ್ಲ, ಡೆಪ್ಯೂಟಿ ಬಾಯಿ ಬಿಡಿಸು."

ರಾಯ್ಸ್ ಟಿಲ್ಲರಿ ಹೈಸ್ಕೂಲಿನ ಫುಟ್‌ಬಾಲ್ ಮೈದಾನದಲ್ಲಿದ್ದ. ಶುಕ್ರವಾರದ ಪಂದ್ಯಕ್ಕೆ ಗೆರೆ ಎಳೆಯುವ ತಳ್ಳುಗಾಡಿಯನ್ನು ಬಿಸಿಲಲ್ಲಿ ಒಬ್ಬನೇ ತಳ್ಳುತ್ತಿದ್ದ. ವಯಸ್ಸು ಇಪ್ಪತ್ತೊಂಬತ್ತು. ಕೆಲಸವಿಲ್ಲದ ದಿನ ಇಂಥದ್ದೆಲ್ಲ ತಾನೇ ಮೈಮೇಲೆ ಎಳೆದುಕೊಳ್ಳುವ ಹುಡುಗ.

"ಗೆರೆ ತುಳೀಬೇಡಿ ಮೇಡಂ. ಹಸಿ ಇದೆ."

"ಒಣಗೋ ತನಕ ಮಾತಾಡೋಣ," ಎಂದೆ.

ನಾನು ಯಾರೆಂದು ಅವನಿಗೆ ಗೊತ್ತಿತ್ತು. ಇಡೀ ಊರಿಗೇ ಗೊತ್ತಿತ್ತು. ತಳ್ಳುಗಾಡಿ ನಿಲ್ಲಿಸಲಿಲ್ಲ. ನಾನು ಗೆರೆಯ ಈಚೆ, ಅವನು ಆಚೆ, ಜೊತೆಯಲ್ಲೇ ನಡೆದೆವು.

"ಒಂದೇ ಒಂದು ಪ್ರಶ್ನೆ ರಾಯ್ಸ್. ಮಿಸ್ ಹ್ಯಾಟಿಯ ವ್ಯಾನಲ್ಲಿ ಎರಡನೇ ಸಾಲಿನ ಬಲಗಡೆ ಸೀಟು ಯಾವ ಬಣ್ಣದ್ದು?"

"ಯಾಕೆ?"

"ಅದರ ಕೆಳಗೇ ಅಲ್ವಾ ಪೊಟ್ಟಣ ಸಿಕ್ಕಿದ್ದು? ಬಗ್ಗಿ ತೆಗೆದಿದ್ದೀಯ. ಬೂದಿನಾ, ನೀಲಿನಾ?"

"ಬೂದು," ಎಂದ.

ಫೋನು ಅವನ ಮೂಗಿನ ಮುಂದೆ ಹಿಡಿದೆ. ಉಕ್ಕಿನ ಹಲಗೆ, ಕೊಕ್ಕೆಗಳು, ಸವೆದ ಬಣ್ಣ.

ತಳ್ಳುಗಾಡಿ ನಿಂತಿತು. ಸುಣ್ಣದ ನೀರು ಒಂದೇ ಕಡೆ ಸುರಿದು ಹುಲ್ಲಿನ ಮೇಲೆ ಬಿಳಿ ಹೊಂಡವಾಯಿತು. ಅವನು ನೋಡುತ್ತಲೇ ಇದ್ದ.

"ನಿನ್ನೆ ಕೋರ್ಟಿನ ಕಚೇರೀಲಿ ಈ ವರ್ಷದ ಜಪ್ತಿ ಕಡತಗಳನ್ನ ನೋಡ್ದೆ," ಎಂದೆ. "ಇನ್ನೂ ನಾಲ್ಕು ಕೇಸಲ್ಲಿ ಇದೇ ವಾಕ್ಯ. ಅದೇ ಕಪ್ಪು ಟೇಪು, ಅದೇ ಬಲಗಡೆ ಸೀಟು. ಒಂದಂತೂ ಪಿಕಪ್ ಟ್ರಕ್ಕು, ಅದರಲ್ಲಿ ಎರಡನೇ ಸಾಲೇ ಇಲ್ಲ. ನಾಲ್ಕರಲ್ಲೂ ಪೊಟ್ಟಣ ಅನ್ನೋ ಪದದ ಕಾಗುಣಿತ ಒಂದೇ ಥರ ತಪ್ಪಿದೆ. ಶಾಲೇಲಿ ನೀನು ಕಾಗುಣಿತದ ಬಹುಮಾನ ತಗೊಂಡೋನಂತೆ. ಮಿಸ್ ಹ್ಯಾಟಿ ಹೇಳಿದ್ರು."

"ಅವರ ಬಸ್ಸಲ್ಲೇ ಹೋಗ್ತಿದ್ದೆ," ಎಂದ ರಾಯ್ಸ್. "ಎಂಟು ವರ್ಷ. ಕೊನೆ ಸ್ಟಾಪು ನಂದು. ಚಳೀಲಿ ಅಮ್ಮ ಕೆಲಸದಿಂದ ಬರೋ ತನಕ ಬಸ್ಸಲ್ಲೇ ಕೂರಿಸ್ಕೊಂಡಿರೋರು."

"ಅವತ್ತು ಅವರು ನಿನ್ನ ಗುರುತು ಹಿಡಿದ್ರಾ?"

"ಕರೀ ಕನ್ನಡಕ ಹಾಕಿದ್ದೆ. ಆದ್ರೂ ಕಿಟಕಿ ಇಳಿಸಿದ ತಕ್ಷಣ, ರಾಯ್ಸ್, ಅಮ್ಮನ ಮಂಡಿನೋವು ಹೇಗಿದೆ ಅಂದ್ರು." ತಳ್ಳುಗಾಡಿಯನ್ನು ನೆಟ್ಟಗೆ ನಿಲ್ಲಿಸಿದ. "ಒಳಗೆ ಹುಡುಕಿದ್ದು ನನ್ನ ಮೇಲಧಿಕಾರಿ, ಕ್ಯಾಪ್ಟನ್ ಮೀಕ್ಸ್. ನಾನು ರಸ್ತೇಲಿ ಬೇರೆ ಗಾಡಿಗಳನ್ನ ಮುಂದೆ ಕಳಿಸ್ತಿದ್ದೆ. ಸಂಜೆ ಕಂಪ್ಯೂಟರಲ್ಲಿ ಬರೆದಿಟ್ಟ ಹಾಳೆ ಇತ್ತು. ಗಾಡಿ ನಂಬರ್ ತುಂಬಿ ಸಹಿ ಹಾಕು ಅಂದ್ರು. ಹಾಕ್ದೆ."

"ಪೊಟ್ಟಣ ಕಣ್ಣಾರೆ ನೋಡಿದ್ಯಾ?"

"ಇಲ್ಲ."

"ಇದನ್ನ ಜಡ್ಜ್ ಮುಂದೆ ಹೇಳು. ಅಷ್ಟು ಸಾಕು."

ಅವನು ತಲೆಯೆತ್ತಿ ಮೈದಾನದ ತುದಿಯಲ್ಲಿದ್ದ ಹೊಸ ಅಂಕಫಲಕ ತೋರಿಸಿದ. ಅದರ ಕೆಳಗೆ ಶೆರೀಫ್ ಕಚೇರಿಯ ಕೊಡುಗೆ ಎಂದು ದೊಡ್ಡ ಅಕ್ಷರದಲ್ಲಿತ್ತು. "ಅದು ಜಪ್ತಿ ನಿಧಿಯದು, ಹಿಡಿದ ಗಾಡಿ ಮಾರಿದ ದುಡ್ಡು. ಮಕ್ಕಳ ಜೆರ್ಸಿ, ಈ ಗೆರೆ ಎಳೆಯೋ ಗಾಡಿ, ನನ್ನ ಎದೆಗವಚ, ನನ್ನ ಅರ್ಧ ಸಂಬಳ, ಎಲ್ಲಾ ಅದರದ್ದೇ. ಕಾಗದದ ಕಾರ್ಖಾನೆ ಮುಚ್ಚಿದ ಮೇಲೆ ಈ ಕೌಂಟೀಲಿ ತೆರಿಗೆ ಕಟ್ಟೋರು ಯಾರಿದ್ದಾರೆ? ಗಾಡಿ ಹಿಡೀಲಿಲ್ಲ ಅಂದ್ರೆ ಎರಡನೇ ಡೆಪ್ಯೂಟಿ ಇಲ್ಲ ಅಂದಿದ್ದಾರೆ. ಎರಡನೇ ಡೆಪ್ಯೂಟಿ ನಾನೇ. ಹೆಂಡತಿಗೆ ಏಳು ತಿಂಗಳು."

"ಮಿಸ್ಟರ್ ಆಮಸ್ ಸಾಯೋ ಸ್ಥಿತೀಲಿದ್ದಾರೆ."

"ಗೊತ್ತು!" ಎಂದು ಕಿರುಚಿದ. ಆಮೇಲೆ ದನಿ ಇಳಿಸಿದ. "ಅವತ್ತು ವ್ಯಾನ್ ಎಳ್ಕೊಂಡು ಹೋದ್ಮೇಲೆ ಅವರನ್ನೆಲ್ಲ ರಸ್ತೆ ಪಕ್ಕ ಬಿಟ್ಟು ಬಂದ್ವಿ. ಹಿಂದಕ್ಕೆ ತಿರುಗಿ ನೋಡ್ದೆ. ಮಿಸ್ ಹ್ಯಾಟಿ ತಮ್ಮ ಟೋಪಿ ತೆಗೆದು ಆಮಸ್ ತಲೆಗೆ ನೆರಳು ಹಿಡ್ಕೊಂಡು ನಿಂತಿದ್ರು. ಅದೇ ಕಣ್ಣಿಗೆ ಕಟ್ಟಿದೆ ಮೇಡಂ. ಊಟ ಸೇರಲ್ಲ. ಆದ್ರೆ ಕೋರ್ಟಿಗೆ ಬರಲ್ಲ. ಬರೋಕಾಗಲ್ಲ."

ನಾನು ಫೋನು ಜೇಬಿಗೆ ಹಾಕಿದೆ. ಬೈಯಬೇಕೆಂದು ನಾಲ್ಕು ಮಾತು ಹೊಂದಿಸಿಕೊಂಡು ಬಂದಿದ್ದೆ. ಅವನ ಮುಖ ನೋಡಿ ಅವನ್ನು ಅಲ್ಲೇ ಬಿಟ್ಟು ಕಾರಿನ ಕಡೆ ಹೊರಟೆ.

ಹತ್ತು ಹೆಜ್ಜೆ ಹೋಗಿದ್ದೆ. ಹಿಂದಿನಿಂದ ಅವನ ದನಿ ಬಂತು.

"ಫೋನ್ ಎತ್ತಿದ್ದು ನಾನು."

ನಿಂತೆ.

"ಮಾಹಿತಿ ಕೊಟ್ಟ ಫೋನು. ವ್ಯಾನ್ ಹಿಡಿಯೋಕೆ ಎರಡು ದಿನ ಮುಂಚೆ, ಸೋಮವಾರ ಬೆಳಿಗ್ಗೆ ಬಂತು. ಹೆಸರು ಹೇಳಲಿಲ್ಲ, ಕ್ಯಾಪ್ಟನ್‌ಗೆ ಕೊಡು ಅಂದ್ರು, ಕೊಟ್ಟೆ. ಗಂಡಸಿನ ದನಿ, ವಯಸ್ಸಾದೋರು. ಬೇರೇನೂ ಗೊತ್ತಿಲ್ಲ." ತುಟಿ ಕಚ್ಚಿಕೊಂಡ. "ಹಿಂದಿನಿಂದ ಒಂದು ಶಬ್ದ ಬರ್ತಿತ್ತು. ಪೀಂ ಪೀಂ ಅಂತ, ಮೂರು ಸಲ, ಆಮೇಲೆ ನೀರು ಹರಿಯೋ ಹಾಗೆ. ನಮ್ಮಜ್ಜಿಗೆ ನಾಲ್ಕು ವರ್ಷ ಡಯಾಲಿಸಿಸ್ ಮಾಡಿಸಿದ್ವಿ. ಆ ಶಬ್ದ ನಾನು ಮರೆಯಲ್ಲ."

ಕಾರಿನೊಳಗೆ ಕೂತು ಲೆಕ್ಕ ಹಾಕಿದೆ.

ಯಂತ್ರಕ್ಕೆ ಕಟ್ಟಿಸಿಕೊಂಡು ಮಲಗಿದ್ದವರೇ ಯಾರೋ ಫೋನ್ ಮಾಡಿದ್ದಾರೆ. ಹ್ಯಾಟಿಯ ವ್ಯಾನು ಎಷ್ಟು ಹೊತ್ತಿಗೆ, ಯಾವ ರಸ್ತೆಯಲ್ಲಿ ಬರುತ್ತದೆಂದು ತಿಳಿದವರು. ವ್ಯಾನಿನಲ್ಲಿ ಹೋಗುತ್ತಿದ್ದವರು ಮೂವರೇ. ಅರ್ನೆಸ್ಟೀನ್ ಹೆಂಗಸು. ಲಾಂಜೊಗೆ ಮಾತು ಬರದು.

ಉಳಿದಿದ್ದು ಒಂದೇ ಹೆಸರು.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ನಾಲ್ಕನೆಯ ಮಹಡಿ. ಆಮಸ್ ವಿಟ್ಲೋ ಎತ್ತರದ ಮನುಷ್ಯ. ಹಾಸಿಗೆಯಲ್ಲಿ ಅವರು ಅರ್ಧಕ್ಕೆ ಕುಗ್ಗಿದ್ದರು. ಮುಖ ಮಾತ್ರ ನೀರು ತುಂಬಿ ಊದಿತ್ತು. ಮೂಗಿಗೆ ಆಮ್ಲಜನಕದ ಕೊಳವೆ. ಮೇಜಿನ ಮೇಲೆ ಬಟ್ಟಲಲ್ಲಿ ಮಂಜುಗಡ್ಡೆಯ ಚೂರು. ನೀರು ಕುಡಿಯುವಂತಿರಲಿಲ್ಲ, ಅದನ್ನೇ ಬಾಯಲ್ಲಿ ಇಟ್ಟುಕೊಳ್ಳಬೇಕು.

ನಾನು ಕುರ್ಚಿ ಹತ್ತಿರಕ್ಕೆಳೆದುಕೊಂಡೆ. ಹೇಗೆ ಶುರುಮಾಡಬೇಕೋ ತಿಳಿಯದೆ ಒಂದು ಚೂರು ಮಂಜು ಅವರ ಬಾಯಿಗಿಟ್ಟೆ.

"ಮಿಸ್ಟರ್ ಆಮಸ್, ರಾಯ್ಸ್ ಟಿಲ್ಲರಿ ಹತ್ರ ಮಾತಾಡಿ ಬಂದೆ. ಫೋನಲ್ಲಿ ಯಂತ್ರದ ಶಬ್ದ ಕೇಳಿಸಿತ್ತಂತೆ."

ಅವರು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆ ಇಳಿಯಿತು.

"ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಕಾಯ್ತಿದ್ದೆ," ಎಂದರು. "ಬಂದಿದ್ದು ಒಳ್ಳೇದಾಯ್ತು."

"ಯಾಕೆ ಮಾಡಿದ್ರಿ?"

"ಮನೆ." ಉಸಿರು ಎಳೆದುಕೊಂಡರು. "ನಮ್ಮ ಅಕ್ಕನ ಮಗ ಕಾರ್ಲೈಲ್ ಹಿಂದಿನ ರೂಮಲ್ಲಿ ಇದ್ನಲ್ಲ. ಮಾತ್ರೆ ಮಾರ್ತಾ ಸಿಕ್ಕಿಬಿದ್ದ. ಅವನು ಜೈಲಿಗೆ ಹೋದ. ಮನೆ ಮೇಲೂ ಕೇಸ್ ಹಾಕಿದ್ರು. ನನ್ನ ಮೇಲಲ್ಲ, ಮನೆ ಮೇಲೆ. ನಾನು, ನನ್ನ ಲೂಎಲ್ಲಾ ಇಬ್ರೂ ಸೇರಿ ಕಟ್ಟಿಸಿದ ಮನೆ. ಅವಳು ಸತ್ತಿದ್ದೂ ಅದೇ ಮನೇಲಿ. ಯಾರಿಗೂ ಹೇಳಲಿಲ್ಲ ನಾನು. ನಾಚಿಕೆ."

"ಹ್ಯಾಟಿಗೂ?"

"ಹ್ಯಾಟಿಗೂ." ಇನ್ನೊಂದು ಚೂರು ಮಂಜಿಗೆ ಬಾಯಿ ತೆರೆದರು. "ಮೀಕ್ಸ್ ಬಂದು ವರಾಂಡದಲ್ಲಿ ಕೂತು ನನ್ನ ಟೀ ಕುಡಿದ. ಒಂದು ಹೆಸರು ಕೊಡಜ್ಜ, ಮನೆ ಕೇಸ್ ಮುಚ್ಚಿಬಿಡ್ತೀನಿ ಅಂದ. ಯಾರದ್ದಾದ್ರೂ ಸರಿ ಅಂದ."

"ಹಾಗಂತ ಹ್ಯಾಟಿ ಹೆಸರು ಕೊಟ್ರಾ?"

"ನಿಜವಾಗಿ ಏನಾದ್ರೂ ಸಿಗೋ ಮನೆಗಳು ನಮ್ಮ ಬೀದೀಲೇ ಇದ್ದಾವೆ ಡೆಲ್ಫೀನ್. ಅವರ ಹೆಸರು ಹೇಳಿದ್ರೆ ಮಕ್ಕಳು ಜೈಲು ಸೇರೋರು. ನನ್ನ ಕೈಲಾಗಲಿಲ್ಲ. ಯೋಚನೆ ಮಾಡ್ದೆ. ಇಡೀ ಕೌಂಟೀಲಿ ತಲೆಕೆಳಗು ಮಾಡಿದ್ರೂ ಏನೂ ಸಿಗದ ಗಾಡಿ ಅಂದ್ರೆ ಹ್ಯಾಟೀದು. ಹುಡುಕ್ತಾರೆ, ಸಿಗಲ್ಲ, ಬಿಡ್ತಾರೆ. ನಾನು ಹೆಸರು ಕೊಟ್ಟ ಹಾಗೂ ಆಯ್ತು, ಯಾರಿಗೂ ಏನೂ ಆಗಲ್ಲ ಅಂದ್ಕೊಂಡೆ." ದನಿ ಒಡೆಯಿತು. "ಏನೂ ಸಿಗದೇ ಇದ್ರೂ ಹಿಡ್ಕೊಂಡು ಹೋಗ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು, ಹೇಳು?"

ಅವರ ಕೈ ಹಿಡಿದು ಕೂತೆ. ಯಂತ್ರದ ಸೂಜಿ ಚುಚ್ಚಿ ಚುಚ್ಚಿ ಆ ಕೈಯ ನರಗಳು ಹಗ್ಗದಂತೆ ಉಬ್ಬಿದ್ದವು.

"ಬರ್ಕೋ," ಎಂದರು ಆಮಸ್. "ನಾನು ಹೇಳಿದ್ದೆಲ್ಲ ಬರ್ಕೋ. ಸಹಿ ಹಾಕ್ತೀನಿ. ಜಡ್ಜ್ ಕರೆದ್ರೆ ಈ ಮಂಚದ ಸಮೇತ ಬರ್ತೀನಿ."

"ಮನೆ ಹೋಗುತ್ತೆ, ಮಿಸ್ಟರ್ ಆಮಸ್."

"ಗೊತ್ತು. ಬರ್ಕೋ."

ಎರಡು ಪುಟವಾಯಿತು. ಮೀಕ್ಸ್ ಬಂದ ದಿನ, ಆಡಿದ ಮಾತು, ತಾನು ಫೋನ್ ಮಾಡಿದ ಹೊತ್ತು, ಹ್ಯಾಟಿಯ ವ್ಯಾನಿನಲ್ಲಿ ತಾನು ಎಂದೂ ಏನೂ ಕಂಡಿಲ್ಲವೆಂಬುದು. ಸಾಕ್ಷಿಗೆ ನರ್ಸನ್ನು ಕರೆದೆ. ಸಹಿ ಹಾಕುವಾಗ ಪೆನ್ನು ಎರಡು ಸಲ ಕೈಜಾರಿತು. ಮೂರನೆಯ ಸಲ ಆಮಸ್ ಹಲ್ಲು ಕಚ್ಚಿ, ಒಂದೊಂದೇ ಅಕ್ಷರ ಬಿಡಿಸಿ ಬರೆದರು.

"ಹ್ಯಾಟಿಗೆ ನೀನು ಹೇಳ್ಬೇಡ," ಎಂದರು. "ನಾನೇ ಹೇಳ್ಬೇಕು."

ಹೊರಗೆ ಬಂದರೆ ಕಾರಿಡಾರಿನ ಬೆಂಚಿನ ಮೇಲೆ ಹ್ಯಾಟಿ ಕೂತಿದ್ದರು. ಡ್ವೈಟ್ ಯಾರದೋ ಗಾಡಿ ಕೇಳಿ ತಂದು ಅವರನ್ನು ಬಿಟ್ಟು ಹೋಗಿದ್ದ. ಮಡಿಲಲ್ಲಿ ಕಂದು ದಿಂಬು. ಒಗೆದು ಒಣಗಿಸಿ ತಂದಿದ್ದರು.

"ಒಳಗೆ ಹೋಗಿ," ಎಂದೆ. "ಅವರು ನಿಮ್ಮ ಹತ್ರ ಏನೋ ಹೇಳಬೇಕಂತೆ."

"ಫೋನ್ ಮಾಡಿದ್ದು ತಾನೇ ಅಂತ ಹೇಳ್ತಾನೆ. ಅಷ್ಟೇ ತಾನೆ?"

"ನಿಮಗೆ ಹೇಗೆ ಗೊತ್ತು?" ಎಂದೆ.

"ಮೂವತ್ತು ವರ್ಷ ಕನ್ನಡಿಯಲ್ಲಿ ಹಿಂದೆ ಕೂತವರ ಮುಖ ನೋಡ್ತಾ ಗಾಡಿ ಓಡಿಸಿದೋಳು ಮಗಾ ನಾನು," ಎಂದರು ಹ್ಯಾಟಿ. "ಅವತ್ತು ಪೊಲೀಸ್ ಕಾರು ಇನ್ನೂ ದೂರದಲ್ಲಿತ್ತು. ದೀಪ ಹಾಕಿರಲಿಲ್ಲ, ಸೈರನ್ ಇರಲಿಲ್ಲ. ಆಮಸ್ ಆಗಲೇ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಿದ್ದ. ಆಗಲೇ ಗೊತ್ತಾಯ್ತು. ಯಾಕೆ ಅನ್ನೋದು ಆಮೇಲೆ ವಿಚಾರಿಸಿ ತಿಳ್ಕೊಂಡೆ. ಮನೆ ವಿಷಯ."

"ಅದಕ್ಕೇ ನೀವು ಅರ್ಜಿಗೆ ಸಹಿ ಹಾಕ್ತಿರಲಿಲ್ಲ."

"ಕೋರ್ಟಿಗೆ ಹೋದ್ರೆ ಅವನ ಹೆಸರು ಹೊರಗೆ ಬರುತ್ತೆ. ನಮ್ಮ ಬೀದೀಲಿ ಚಾಡಿಕೋರ ಅನ್ನಿಸ್ಕೊಂಡು ಬದುಕೋಕಾಗುತ್ತಾ? ಹೆಣ ಹೊರೋಕೂ ಯಾರೂ ಬರಲ್ಲ."

"ಮಿಸ್ ಹ್ಯಾಟಿ, ಅವರು ಬರೆದುಕೊಟ್ಟಿದ್ದಾರೆ. ತಾವಾಗಿ. ಇದೊಂದು ಕಾಗದ ಇದ್ರೆ ವ್ಯಾನು ಬರುತ್ತೆ. ಲಾಂಜೊಗೆ ಬೇಕು, ಅರ್ನೆಸ್ಟೀನ್ ವಾಪಸ್ ಬರಬಹುದು. ಬೇರೆ ನಾಲ್ಕು ಕೇಸುಗಳೂ ಬಿದ್ದುಹೋಗ್ತವೆ. ನಾಳೆ ಐದು ಗಂಟೆ ಒಳಗೆ—"

"ಕೊಡು ಇಲ್ಲಿ."

ಕೊಟ್ಟೆ. ಅಂಗಿಯೊ‍ಳಗಿನಿಂದ ಕನ್ನಡಕ ತೆಗೆದು ಎರಡೂ ಪುಟವನ್ನು ನಿಧಾನವಾಗಿ ಓದಿದರು. ಒಂದು ಕಡೆ ಬೆರಳಿಟ್ಟು ಮತ್ತೆ ಓದಿದರು. ಮಡಚಿ ದಿಂಬಿನ ಗವಸಿನೊಳಗೆ ತೂರಿಸಿ, ಎದ್ದು ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಗಾಜಿನ ಹಿಂದೆ ಪರದೆ ಎಳೆದಿದ್ದೂ ಕಂಡಿತು.

ಹಾಗೇ ನಿಂತೆ. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಮಾತ್ರ ಆಮಸ್ ಜೋರಾಗಿ ಅತ್ತ ಹಾಗಾಯಿತು, ಅದರ ಮೇಲೆ ಹ್ಯಾಟಿಯ ದನಿ, ಬಸ್ಸಿನಲ್ಲಿ ಬಿದ್ದು ಮಂಡಿ ತರಚಿಕೊಂಡ ಮಗುವನ್ನು ಸಮಾಧಾನ ಮಾಡುವಂಥ ದನಿ.

ಲಿಫ್ಟಿನ ಬಾಗಿಲು ತೆರೆಯಿತು.

ಕ್ಯಾಪ್ಟನ್ ಗಾರ್ಲೆಂಡ್ ಮೀಕ್ಸ್ ಹೊರಗೆ ಬಂದ. ಸಮವಸ್ತ್ರದ ಇಸ್ತ್ರಿ ಒಂಚೂರೂ ಕೆಟ್ಟಿರಲಿಲ್ಲ. ಹ್ಯಾಟು ತೆಗೆದು ಎದೆಗೆ ಹಿಡಿದಿದ್ದ, ರೋಗಿಯನ್ನು ನೋಡಲು ಬಂದ ಸಭ್ಯ ನೆಂಟನ ಹಾಗೆ. ಇನ್ನೊಂದು ಕೈಯಲ್ಲಿ ಉದ್ದನೆಯ ಲಕೋಟೆ.

"ವಿಟ್ಲೋ ಅವರ ರೂಮು ಇದೇನಾ?"

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಅವರಿಗೆ ಹುಷಾರಿಲ್ಲ. ಯಾರನ್ನೂ ಬಿಡಲ್ಲ."

"ಜಾಸ್ತಿ ಹೊತ್ತು ಬೇಡ. ಅವರ ಮನೆ ಕೇಸು ಮುಚ್ಚೋ ಕಾಗದ ತಂದಿದ್ದೀನಿ." ಲಕೋಟೆ ಸ್ವಲ್ಪ ಎತ್ತಿದ. ಅದರ ಹಿಂದೆ ಇನ್ನೊಂದು ಹಾಳೆ ಇಣುಕುತ್ತಿತ್ತು, ಅದರ ತಲೆಯ ಮೇಲೆ ವ್ಯಾನಿನ ಕೇಸಿನ ಸಂಖ್ಯೆ, ಪಕ್ಕದಲ್ಲಿ ತಕರಾರಿಲ್ಲ ಎಂಬ ತಲೆಬರಹ. "ಎರಡು ಸಹಿ ಆದ್ರೆ ಮುಗೀತು."

"ಎರಡು? ಇನ್ನೊಂದು ಯಾರದ್ದು?"

ಮೀಕ್ಸ್ ಹುಬ್ಬೇರಿಸಿದ. "ನಿಮಗೆ ಹೇಳಿಲ್ವಾ ಅವರು?"

ನನ್ನ ಬೆನ್ನ ಹಿಂದೆ ಚಿಲಕ ಸರಿದ ಸದ್ದಾಯಿತು. ಬಾಗಿಲು ತೆರೆಯಿತು. ಹ್ಯಾಟಿ ಹೊಸ್ತಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ.

"ದಾರಿ ಬಿಡು ಡೆಲ್ಫೀನ್," ಎಂದರು. "ಕ್ಯಾಪ್ಟನ್‌ನ ಬರಹೇಳಿದ್ದು ನಾನೇ."